ಕೊಟ್ಟಿಗೆಯಲ್ಲಿ 20 ಮಳೆಗಾಲ ಕಳೆದ ಜಾವಾ: ಕಿಕ್ ಹೊಡೆಯೋ ಮುಂಚೆ ಎಂತೆಂತ ಬಿಚ್ಚಬೇಕು?

ಹರಿದ್ರಾವತಿ:
ಹೊಸನಗರ ತಾಲ್ಲೂಕಿನ ಒಂದು ಮನೆಯ ಕೊಟ್ಟಿಗೆ ಮೂಲೇಲಿ 1968ರ ಜಾವಾ 250 ಬೈಕ್ ನಿಂತಿದೆ. ಕಡೇ ಸಲ ಓಡಿ 20 ವರ್ಷ ಆಯ್ತು. ಕಿಕ್ಕರ್ ಒಂದಿಂಚೂ ಇಳಿಯಲ್ಲ. ಹಿಂದಿನ ಚಕ್ರ ಜಾಮ್. ಟ್ಯಾಂಕ್ ಮುಚ್ಚಳ ತೆಗೆದರೆ ಒಳಗೆ ಕೆಂಪು ಪುಡಿ, ಹಳೇ ವಾರ್ನಿಷ್ ವಾಸನೆ. ಪಕ್ಕದಲ್ಲೇ ಮೈಲುತುತ್ತದ ಚೀಲ, ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣದ ಡ್ರಮ್ ಇಡ್ತಿದ್ದರಂತೆ. ಇಂಜಿನ್ ಬಲಗಡೆ ಕವರ್ ಮೇಲೆ ನೀಲಿ-ಬಿಳಿ ಗಂಟುಗಂಟು ಕಲೆ ಎದ್ದಿದೆ. ಹಳೇ ಪುಸ್ತಕದ ಆರ್.ಸಿ. ಸಿಕ್ಕಿದೆ, ನಂಬರ್ ಪ್ಲೇಟೂ ಇದೆ.

ಮೆಕ್ಯಾನಿಕ್ ಒಬ್ಬರು "ಪಿಕಪ್‌ಗೆ ಹಗ್ಗ ಕಟ್ಟಿ ಎಳೀರಿ, ಸೆಕೆಂಡ್ ಗೇರಿಗೆ ಹಾಕಿ, ತಾನೇ ಬಿಡತ್ತೆ" ಅಂತಿದಾರೆ. ಮಾಡಬಹುದಾ? ಇಲ್ಲ ಅಂದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಎರಡು_ಸ್ಟ್ರೋಕ್_ಸಾಗರ:
ಎಳೀಬೇಡಿ. ಎಳೀಬೇಡಿ. ಎಳೀಬೇಡಿ.

ಲೇತ್‌ಮನೆ:
ಎಳೆದರೆ ಏನಾಗತ್ತೆ ಅಂತ ಬಿಡಿಸಿ ಹೇಳ್ತೀನಿ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡೋ ಸಿಲಿಂಡರ್, ಅಂದರೆ ಬೋರ್, ಬೀಡು ಕಬ್ಬಿಣ. ಪಿಸ್ಟನ್ನಿನ ಉಂಗುರಗಳು (ರಿಂಗ್) ಬೋರಿಗೆ ತುಕ್ಕಲ್ಲಿ ಅಂಟಿರತ್ತೆ. ಗಾಡಿ ತೂಕವೆಲ್ಲ ಚೈನಿನ ಮೂಲಕ ಕ್ರ್ಯಾಂಕಿಗೆ (ಪಿಸ್ಟನ್ ತಿರುಗಿಸೋ ಶಾಫ್ಟಿಗೆ) ಬಿದ್ದಾಗ ಉಂಗುರ ತುಂಡಾಗಿ ಪೋರ್ಟಿಗೆ, ಅಂದರೆ ಬೋರ್ ಗೋಡೆಯ ಕಿಂಡಿಗೆ, ಸಿಕ್ಕಿಹಾಕ್ಕೊಳ್ಳತ್ತೆ, ಇಲ್ಲವೇ ಕನೆಕ್ಟಿಂಗ್ ರಾಡ್ ಬಾಗತ್ತೆ. ಇನ್ನೊಂದು ವಿಷಯ: ಜಾವಾದ ಕ್ರ್ಯಾಂಕ್ ಪ್ರೆಸ್ ಮಾಡಿ ಕೂರಿಸಿದ್ದು, ಒಂದೇ ತುಂಡಲ್ಲ. ಪಿನ್ನಿನ ಮೇಲೆ ವೆಬ್ (ಕ್ರ್ಯಾಂಕಿನ ಪಕ್ಕದ ಬಿಲ್ಲೆ) ಸ್ವಲ್ಪ ತಿರುಗಿದರೂ ಸಾಕು, ಆಮೇಲೆ ಆ ಇಂಜಿನ್ ನಡುಕ ನಿಲ್ಲಲ್ಲ. ಕಿಕ್ಕರ್ ಮೇಲೆ ಹತ್ತಿ ನಿಲ್ಲೋದೂ ಅದೇ ತಪ್ಪು, ಕಿಕ್ ಶಾಫ್ಟಿನ ಹಲ್ಲು ಹೋಗತ್ತೆ. ಜಾವಾದಲ್ಲಿ ಕಿಕ್ಕರ್ರೇ ಗೇರ್ ಲಿವರ್ ಕೂಡ, ಹಾಗಾಗಿ ಒಂದು ಹಾಳಾದರೆ ಎರಡು ಹಾಳು.

ಗಾಂಧಿಬಜಾರ್_ಗೇರ್:
ಜಾಮ್ ಆಗಿರೋದು ಪಿಸ್ಟನ್ನೇ ಅಂತ ಹೇಗೆ ಗೊತ್ತು? ಹಿಂದಿನ ಚಕ್ರ ಹಿಡಿದಿರೋದು ಬ್ರೇಕ್ ಶೂ ಡ್ರಮ್ಮಿಗೆ ಅಂಟಿದ್ದಕ್ಕೂ ಇರಬಹುದು. ಮೊದಲು ಚೈನ್ ಲಾಕ್ ಬಿಚ್ಚಿ ಚೈನ್ ತೆಗೀರಿ. ಆಗಲೂ ಚಕ್ರ ತಿರುಗಲಿಲ್ಲ ಅಂದರೆ ಅದು ಬ್ರೇಕು ಅಥವಾ ವೀಲ್ ಬೇರಿಂಗ್. ಆಮೇಲೆ ಪ್ಲಗ್ ತೆಗೆದು, ಬಲಗಡೆ ಡೈನಮೋ ಕವರ್ ಬಿಚ್ಚಿ, ಆರ್ಮೇಚರ್ ಮಧ್ಯದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಟೈಟ್ ಮಾಡೋ ದಿಕ್ಕಿಗೆ ಮಾತ್ರ ಮೆಲ್ಲಗೆ ಒತ್ತಿ. ಅಲ್ಲಾಡಿದರೆ ಪಿಸ್ಟನ್ ಸರಿ ಇದೆ, ತೊಂದರೆ ಗೇರ್‌ಬಾಕ್ಸ್ ಕಡೆ. ಅಲ್ಲಾಡದಿದ್ದರೆ ಅಲ್ಲಿಗೇ ನಿಲ್ಲಿಸಿ.

ಹರಿದ್ರಾವತಿ:
ಚೈನ್ ತೆಗೆದು ನೋಡಿದ್ದಾಯ್ತು. ಚಕ್ರ ಆಗಲೂ ತಿರುಗಲ್ಲ. ಬಲಗಡೆ ಬೋಲ್ಟೂ ಅಲ್ಲಾಡಲ್ಲ. ಅಂದರೆ ಎರಡೂ ಜಾಮ್.

ಎರಡು_ಸ್ಟ್ರೋಕ್_ಸಾಗರ:
ಸರಿ, ಹಾಗಾದರೆ ಅವಸರ ಬೇಡ. ಪ್ಲಗ್ ತೂತಿನಿಂದ ಒಂದು ಬಿದಿರು ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿ ನಿಂತಿದೆ ನೋಡಿ. ಈ ಇಂಜಿನ್ನಿನ ಸ್ಟ್ರೋಕ್ 75 ಮಿ.ಮೀ., ಬೋರ್ 65. ಪಿಸ್ಟನ್ ಮೇಲಿನ ಅರ್ಧದಲ್ಲಿದ್ದರೆ ನಿಮ್ಮ ಅದೃಷ್ಟ, ಪೋರ್ಟ್ ಮುಚ್ಚಿರತ್ತೆ, ಹಾಕಿದ ಎಣ್ಣೆ ನಿಲ್ಲತ್ತೆ. ಕೆಳಗಿದ್ದರೆ ಹಾಕಿದ್ದೆಲ್ಲ ಎರಡು ಸೈಲೆನ್ಸರಿಂದ ಕೊಟ್ಟಿಗೆ ನೆಲಕ್ಕೆ.

ಡೀಸೆಲ್ ಅರ್ಧ, ಕಾರಿನ ಎ.ಟಿ.ಎಫ್. ಆಯಿಲ್ ಅರ್ಧ ಬೆರೆಸಿ 100–150 ಎಂ.ಎಲ್. ಹಾಕಿ. ಎ.ಟಿ.ಎಫ್. ಅಂದರೆ ಪವರ್ ಸ್ಟೀರಿಂಗಿಗೆ ಹಾಕೋ ಕೆಂಪು ಎಣ್ಣೆ, ಆಯಿಲ್ ಅಂಗಡೀಲಿ ಸಿಗತ್ತೆ. ಒಂದು ವಾರ ಬಿಡಿ, ದಿನಾ ಮಟ್ಟ ನೋಡಿ ಇಳಿದಷ್ಟು ಹಾಕಿ. ಇಳೀತಿದೆ ಅಂದರೆ ಉಂಗುರದ ಸಂದಿಗೆ ಹೋಗ್ತಿದೆ ಅಂತ, ಒಳ್ಳೇದೇ.

ಮಂಡಗದ್ದೆ_ಹಕ್ಕಿ:
ಬೋರಿಗೆ ಬ್ಲೋ ಲ್ಯಾಂಪ್ ಹಿಡಿದರೆ ಅರ್ಧ ಗಂಟೇಲಿ ಬಿಡತ್ತೆ. ವಾರ ಯಾಕೆ ಕಾಯಬೇಕು?

ಲೇತ್‌ಮನೆ:
ಡೀಸೆಲ್ ತುಂಬಿದ ಬೋರಿಗೆ ಬೆಂಕಿ ಹಿಡಿಯೋ ಮಾತು ಇಲ್ಲಿ ಬೇಡ ಮಾರಾಯ್ರೆ, ಯಾರಾದರೂ ಓದಿ ಮಾಡ್ತಾರೆ. ಮೇಲೆ ಅಡಿಕೆ ಅಟ್ಟ ಇರೋ ಕೊಟ್ಟಿಗೆ ಅದು.

ಲೆಕ್ಕವೂ ತಪ್ಪು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಬೀಡು ಕಬ್ಬಿಣದ ಎರಡರಷ್ಟು ಹಿಗ್ಗತ್ತೆ. ನಿಧಾನಕ್ಕೆ ಪೂರ್ತಿ ಕಾಯಿಸಿದರೆ ಪಿಸ್ಟನ್ ಇನ್ನೂ ಬಿಗಿಯಾಗತ್ತೆ. ಕಾಯಿಸೋದರಿಂದ ಲಾಭ ಬರೋದು ಆಮೇಲೆ ತಣ್ಣಗಾಗುವಾಗ, ಎರಡೂ ಬೇರೆ ಬೇರೆ ಅಳತೇಲಿ ಸರಿದು ತುಕ್ಕಿನ ಕಚ್ಚು ಸಡಿಲ ಆಗತ್ತೆ. ಅದಕ್ಕೆ ಎಣ್ಣೆ ಹೀರಿ ತೆಗೆದು, ಬೋರಿನ ರೆಕ್ಕೆಗಳ ಮೇಲೆ ಕುದಿಯೋ ನೀರು ಸುರಿದು, ತಣಿಯೋಕೆ ಬಿಟ್ಟು, ಮತ್ತೆ ಎಣ್ಣೆ ಹಾಕಿ. ಹೀಗೆ ಮೂರ್ನಾಲ್ಕು ಸಲ.

ಮಂಡಗದ್ದೆ_ಹಕ್ಕಿ:
ಹಿಗ್ಗೋ ವಿಷಯ ಸರಿ, ಒಪ್ಪಿದೆ. ಬ್ಲೋ ಲ್ಯಾಂಪ್ ಮಾತು ವಾಪಸ್.

ತೀರ್ಥಹಳ್ಳಿ_ಟೂಲ್‌ಬಾಕ್ಸ್:
ವಾರ ಆದಮೇಲೆ ಹೆಡ್ ಬಿಚ್ಚಿ. ನಟ್ ಬಿಚ್ಚುವಾಗ ಮೊದಲು ಒಂದು ಕೂದಲೆಳೆಯಷ್ಟು ಟೈಟ್ ಮಾಡಿ, "ಟಿಕ್" ಅಂದಮೇಲೆ ಲೂಸ್ ಮಾಡಿ. ನೇರ ಲೂಸ್ ಮಾಡೋಕೆ ಹೋದರೆ ಸ್ಟಡ್ಡೇ ತಿರುಚಿ ತುಂಡಾಗತ್ತೆ.

ಹೆಡ್ ತೆಗೆದಾಗ ಪಿಸ್ಟನ್ ಮೇಲಿನ ಗೋಡೇಲಿ ತುಕ್ಕಿನ ಉಂಗುರ ಕಾಣತ್ತೆ. ಅದನ್ನ 400 ನಂಬರ್ ಎಮರಿ ಕಾಗದದಲ್ಲಿ ಎಣ್ಣೆ ಹಾಕಿ ಒರೆಸಿ ತೆಗೆಯದೇ ಪಿಸ್ಟನ್ ಮೇಲಕ್ಕೆ ತರೋಕೆ ಹೋಗಬೇಡಿ. ಆಮೇಲೆ 60 ಮಿ.ಮೀ. ಅಡ್ಡಗಲದ ಗಟ್ಟಿ ಮರದ ಗುಂಡು, ಹೊನ್ನೆ ಅಥವಾ ಮತ್ತಿ, ಪಿಸ್ಟನ್ ತಲೆ ಪೂರ್ತಿ ಮುಚ್ಚೋ ಹಾಗೆ ಇಟ್ಟು ಸಣ್ಣ ಸುತ್ತಿಗೇಲಿ ತಟ್ಟಿ. ಕಬ್ಬಿಣದ ರಾಡ್ ಇಟ್ಟು ಮಧ್ಯಕ್ಕೆ ಹೊಡೆದರೆ ತಲೆ ತೂತು. ಕಾಲು ಮಿಲಿಮೀಟರ್ ಅಲ್ಲಾಡಿದರೂ ಗೆದ್ದ ಹಾಗೆ. ಆಗ ಎಣ್ಣೆ ಹಾಕಿ, ಟೈಟ್ ದಿಕ್ಕಿಗೆ ಬೋಲ್ಟಿಂದ, ವಾಪಸ್ ಮರದ ಗುಂಡಿಂದ, ಆಚೆ ಈಚೆ ಕೂದಲೆಳೆಯಷ್ಟು ಆಡಿಸಿ. ಬೋಲ್ಟ್ ಲೂಸ್ ದಿಕ್ಕಿಗೆ ಒತ್ತಡ ಬೀಳಬಾರದು, ಆ ಕಡೆಗೆ ಮರದ ಗುಂಡೇ ಸಾಕು.

ಶರಾವತಿ_ಹಿನ್ನೀರು:
ಗ್ರೀಸ್ ಗನ್ ವಿಧಾನ ಯಾರೂ ಹೇಳಿಲ್ಲ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ಅದಕ್ಕೆ ಗ್ರೀಸ್ ನಿಪ್ಪಲ್ ಬ್ರೇಜ್ ಮಾಡಿಸಿ, ಹೆಡ್ ಹಾಕಿದ್ದಾಗಲೇ ಗ್ರೀಸ್ ಒತ್ತಿದರೆ ಪಿಸ್ಟನ್ ತಲೆ ಮೇಲೆಲ್ಲ ಸಮನಾಗಿ ಒತ್ತಡ ಬೀಳತ್ತೆ.

ಎರಡು_ಸ್ಟ್ರೋಕ್_ಸಾಗರ:
ಕೆಲಸ ಮಾಡತ್ತೆ, ಆದರೆ ಪಿಸ್ಟನ್ ಎಗ್ಸಾಸ್ಟ್ ಪೋರ್ಟಿಗಿಂತ ಮೇಲಿದ್ದಾಗ ಮಾತ್ರ. ಪೋರ್ಟ್ ತೆರೆದಿದ್ದರೆ ಗ್ರೀಸೆಲ್ಲ ಸೈಲೆನ್ಸರಿಗೆ. ಮತ್ತೆ ಆ ಗ್ರೀಸನ್ನ ಕ್ರ್ಯಾಂಕ್ ಕಡೆಯಿಂದ ಬೋರಿಗೆ ಮಿಶ್ರಣ ತರೋ ಟ್ರಾನ್ಸ್‌ಫರ್ ಪೋರ್ಟಿಂದ ತೊಳೆಯೋಕೆ ಒಂದು ದಿನ ಬೇಕು. ಯಾವುದಕ್ಕೂ ಬಗ್ಗಲಿಲ್ಲ ಅಂದರೆ ಪಿಸ್ಟನ್ ಬಲಿ ಕೊಡಿ. ಡ್ರಿಲ್ ಹಾಕಿ ತುಂಡು ಮಾಡಿ ತೆಗೀರಿ. ಪಿಸ್ಟನ್ ಹೊಸದು ಸಿಗತ್ತೆ, ಆ ಕಾಲದ ಒರಿಜಿನಲ್ ಬೋರು ಮತ್ತು ಕ್ರ್ಯಾಂಕ್ ಹುಡುಕೋದೇ ಕಷ್ಟ.

ರಸಾಯನ_ಮೇಷ್ಟ್ರು:
ನೀವೆಲ್ಲ ಇಂಜಿನ್ ಒಳಗೇ ಇದೀರಿ. ಆ ಗಾಡಿ ನಿಂತಿದ್ದು ಕೊಟ್ಟಿಗೇಲಿ, ಪಕ್ಕದಲ್ಲಿ ಮೈಲುತುತ್ತ. ಈ ಎರಡು ವಿಷಯಕ್ಕೆ ಬೇರೆ ಊರಿನವರು ಬರೆದ ಪಟ್ಟಿಲಿ ಉತ್ತರ ಇರಲ್ಲ.

ಮೊದಲು ಕೊಟ್ಟಿಗೆ. ಗಂಜಲದಿಂದ ಏಳೋ ಅಮೋನಿಯಾ ಹಿತ್ತಾಳೆಗೆ ಶತ್ರು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗೇ ಬಿರುಕು ಬಿಡ್ತಿದ್ದವು, ಕಾರಣ ಅಮೋನಿಯಾ ಅಂತ ಆಮೇಲೆ ಗೊತ್ತಾಯ್ತು. ಹಿತ್ತಾಳೆ ಎಳೆತದಲ್ಲಿರಬೇಕು, ಗಾಳೀಲಿ ತೇವವೂ ಅಮೋನಿಯಾವೂ ಇರಬೇಕು, ಅಷ್ಟೇ. ಗಾಡೀಲಿ ಹಗಲೂ ರಾತ್ರಿ ಎಳೆತದಲ್ಲಿರೋ ಹಿತ್ತಾಳೆ ಅಂದರೆ ಸ್ಪೋಕ್ ನಿಪ್ಪಲ್. ಹೊರಗಿಂದ ಚೆನ್ನಾಗೇ ಕಾಣತ್ತೆ, ಗುಂಡಿಗೆ ಬಿದ್ದಾಗ ಪಟ್ ಅನ್ನತ್ತೆ. ಹಿತ್ತಾಳೆ ನಿಪ್ಪಲ್ ಇದ್ದರೆ ನೋಡೋದೇ ಬೇಡ, ಎಲ್ಲ ಹೊಸದು ಹಾಕಿ. ಕಾರ್ಬ್ಯುರೇಟರಿನ ಹಿತ್ತಾಳೆ ಫ್ಲೋಟನ್ನ ಬಿಸಿ ನೀರಲ್ಲಿ ಮುಳುಗಿಸಿ ಹಿಡೀರಿ, ಗುಳ್ಳೆ ಬಂದರೆ ಬಿರುಕಿದೆ.

ಎರಡನೇದು ಆ ನೀಲಿ ಕಲೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತೇವ ಸೇರಿದಾಗ ತಾಮ್ರ ಬಂದು ಅಲ್ಯೂಮಿನಿಯಂ ಮೇಲೆ ಕೂರತ್ತೆ, ಅಲ್ಲೊಂದು ಸಣ್ಣ ಬ್ಯಾಟರಿ ಹುಟ್ಟತ್ತೆ. ಕರಗೋದು ಅಲ್ಯೂಮಿನಿಯಂ. ಮೇಲೆ ಬಿಳಿ ಪುಡಿ, ಕೆಳಗೆ ಕುಳಿ. ಆ ತಾಮ್ರದ ಕಣ ಪೂರ್ತಿ ತೆಗೆಯದೇ ಪಾಲಿಶ್ ಹಾಕಿದರೆ ಒಳಗೊಳಗೇ ತಿನ್ನೋದು ನಿಲ್ಲಲ್ಲ.

ಹರಿದ್ರಾವತಿ:
ಇದು ಗೊತ್ತೇ ಇರಲಿಲ್ಲ ಸರ್. ಆ ಕುಳಿಗೆ ಪರಿಹಾರ?

ರಸಾಯನ_ಮೇಷ್ಟ್ರು:
ಬಿಸಿ ನೀರು, ನೈಲಾನ್ ಬ್ರಶ್ಶಲ್ಲಿ ಮೂರ್ನಾಲ್ಕು ಸಲ ತೊಳೀರಿ. ಆಮೇಲೆ ಸಿಟ್ರಿಕ್ ಆಸಿಡ್, ದಿನಸಿ ಅಂಗಡೀಲಿ ನಿಂಬೆ ಉಪ್ಪು ಅಂತಾರೆ, ಲೀಟರಿಗೆ 50 ಗ್ರಾಂ ಹಾಕಿ ಹತ್ತು ನಿಮಿಷ, ಮತ್ತೆ ತೊಳೀರಿ. ಕಾಸ್ಟಿಕ್ ಸೋಡಾ ಹತ್ತಿರಕ್ಕೂ ತರಬೇಡಿ, ಅಲ್ಯೂಮಿನಿಯಂ ಕಣ್ಣೆದುರೇ ಕರಗತ್ತೆ.

ಲೇತ್‌ಮನೆ:
ಕುಳಿ ಕವರಿನ ಹೊರಮೈಲಿ ಇದ್ದರೆ ಮೆಟಲ್ ಎಪಾಕ್ಸಿ ತುಂಬಿ ಉಜ್ಜಿ. ಗ್ಯಾಸ್ಕೆಟ್ ಕೂರೋ ಜಾಗ, ಇಲ್ಲಾ ಕ್ರ್ಯಾಂಕ್ ಸೀಲ್ ಕೂರೋ ಗೂಡಿಗೆ ತಗುಲಿದ್ದರೆ ಎಪಾಕ್ಸಿ ನಡೆಯಲ್ಲ. ಟಿಗ್ ವೆಲ್ಡಿಂಗ್ ತುಂಬಿಸಿ ಮಷೀನಿನಲ್ಲಿ ಫೇಸ್ ಮಾಡಿಸಬೇಕು.

ಸೀಲಿನ ಮಾತು ಬಂತಲ್ಲ, ಈ ಇಡೀ ಚರ್ಚೇಲಿ ನನ್ನ ಮಟ್ಟಿಗೆ ಅದೇ ಮುಖ್ಯ. ಪಿಸ್ಟನ್ ಬಿಟ್ಟಿತು ಅಂತ ಖುಷಿಲಿ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡೋದೇ ಇಂಥ ಗಾಡಿಗಳನ್ನ ಎರಡನೇ ಸಲ ಕೊಲ್ಲೋದು. ಟೂ-ಸ್ಟ್ರೋಕಲ್ಲಿ ಕ್ರ್ಯಾಂಕ್‌ಕೇಸೇ ಪಂಪು. 20 ವರ್ಷದ ರಬ್ಬರ್ ಸೀಲ್ ಕಲ್ಲಾಗಿರತ್ತೆ. ಬಲಗಡೆ ಸೀಲ್ ಹೋದರೆ ಡೈನಮೋ ಕಡೆಯಿಂದ ಗಾಳಿ ಎಳೆಯತ್ತೆ, ಮಿಶ್ರಣ ತೆಳುವಾಗತ್ತೆ, ಐದು ಕಿಲೋಮೀಟರಲ್ಲಿ ಹೊಸ ಪಿಸ್ಟನ್ ಹಿಡಿಯತ್ತೆ. ಎಡಗಡೆ ಸೀಲ್ ಹೋದರೆ ಗೇರ್ ಆಯಿಲ್ ಎಳೆದು ಹೊಗೆ ಕಾರತ್ತೆ, ಆಯಿಲ್ ಮಟ್ಟ ಇಳೀತಾ ಹೋಗತ್ತೆ. ಬೋರ್ ಎತ್ತಿದಾಗಲೇ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಸ್ವಲ್ಪ ಆಟ ಇರಬೇಕು, ಅದು ಸರಿ. ಮೇಲೆ ಕೆಳಗೆ ಒಂದಿಷ್ಟೂ ಇರಬಾರದು. ತಿರುಗಿಸುವಾಗ ಮರಳು ಅರೆದ ಹಾಗೆ ಕೈಗೆ ಸಿಕ್ಕರೆ ರೋಲರ್ ತುಕ್ಕು ತಿಂದಿದೆ, ರಾಡ್ ಕಿಟ್ ಬೇಕು. ಮೇನ್ ಬೇರಿಂಗ್ ಹೇಗೂ ಬದಲಿಸಿ, ಸಿ3 ಕ್ಲಿಯರೆನ್ಸಿಂದೇ (ಒಳಗೆ ಸಂದಿ ಸ್ವಲ್ಪ ಹೆಚ್ಚಿರೋದು) ಕೇಳಿ ತಗೊಳ್ಳಿ. ಕ್ರ್ಯಾಂಕ್ ಪ್ರೆಸ್ ಮಾಡಿದಮೇಲೆ ಡಯಲ್ ಗೇಜಲ್ಲಿ ಓಟ (ತಿರುಗುವಾಗಿನ ಓಲಾಟ) 0.03 ಮಿ.ಮೀ. ಒಳಗೆ ಬರೋವರೆಗೂ ಅಂಗಡಿ ಬಿಟ್ಟು ಏಳಬೇಡಿ.

ಗಾಂಧಿಬಜಾರ್_ಗೇರ್:
ಸೀಲ್ ಹಾಕಿದಮೇಲೆ ಸರಿ ಕೂತಿದೆಯಾ ಅಂತ ಪರೀಕ್ಷೆ ಮಾಡೋಕೆ ಬಿ.ಪಿ. ನೋಡೋ ಉಪಕರಣದ ಬಲ್ಬು, ಮೀಟರ್ ಸಾಕು. ಕಾರ್ಬ್ಯುರೇಟರ್ ಬಾಯಿ, ಎರಡೂ ಸೈಲೆನ್ಸರ್ ಪೋರ್ಟನ್ನ ರಬ್ಬರ್ ಶೀಟ್ ಮತ್ತು ತಗಡಿಂದ ಮುಚ್ಚಿ, ಪ್ಲಗ್ ತೂತಿಂದ ಗಾಳಿ ಒತ್ತಿ. ಪಿಸ್ಟನ್ ಕೆಳಗಿರಲಿ, ಆಗ ಟ್ರಾನ್ಸ್‌ಫರ್ ಮೂಲಕ ಕ್ರ್ಯಾಂಕ್‌ಕೇಸಿಗೂ ಹೋಗತ್ತೆ. 300ಕ್ಕೆ ಏರಿಸಿ. ಅದು ಹತ್ತಿರ ಹತ್ತಿರ 6 ಪಿ.ಎಸ್.ಐ. ಆರು ನಿಮಿಷ ಬಿಡಿ, ನಿಮಿಷಕ್ಕೆ 50 ಗೀಟಿಗಿಂತ ಹೆಚ್ಚು ಇಳೀಬಾರದು. ಇಳಿದರೆ ಸೋಪು ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳತ್ತೆ ನೋಡಿ.

ಶರಾವತಿ_ಹಿನ್ನೀರು:
ಇದು ಚಿನ್ನದಂಥ ಸಲಹೆ.

ಮಂಡಗದ್ದೆ_ಹಕ್ಕಿ:
ಬೋರಿಂಗ್ ಬಗ್ಗೆ ಯಾರಾದರೂ ಹೇಳಿ. ತುಕ್ಕಿನ ಗೆರೆ ಉಗುರಿಗೆ ತಾಗಿದರೆ ರೀಬೋರ್ ಮಾಡಲೇಬೇಕಾ?

ಲೇತ್‌ಮನೆ:
ಉಗುರು ಸಿಕ್ಕಿಕೊಂಡರೆ ಹೌದು. ಬೋರ್ 0.25 ಮಿ.ಮೀ. ದೊಡ್ಡದು ಮಾಡೋದರಿಂದ ಶುರು, ಗೆರೆ ಹೋಗದಿದ್ದರೆ 0.50. ಪಿಸ್ಟನ್ ಕೈಗೆ ಬಂದು ಅಳತೆ ತೆಗೆದಮೇಲೇ ಬೋರ್ ಮಾಡಿಸಿ, ಡಬ್ಬದ ಮೇಲಿನ ನಂಬರ್ ನಂಬಿ ಮುಂಚೆ ಮಾಡಿಸಬೇಡಿ. 65 ಮಿ.ಮೀ. ಬೀಡಿನ ಬೋರಿಗೆ 0.06ರಿಂದ 0.08 ಸಂದಿ ಬೇಕು. ಕೆಲವರು "ಟೈಟಾಗಿರಲಿ, ಬಾಳಿಕೆ ಬರತ್ತೆ" ಅಂತ 0.04 ಬಿಡ್ತಾರೆ. ಮೊದಲ ಏರಿಗೇ ಹಿಡಿಯತ್ತೆ. ಇನ್ನೊಂದು ಮರೆಯೋ ಕೆಲಸ: ಬೋರ್ ಆದಮೇಲೆ ಪೋರ್ಟಿನ ಅಂಚು ಚಾಕುವಿನ ಹಾಗಿರತ್ತೆ. ಸಣ್ಣ ಅರದಲ್ಲಿ ಆ ಅಂಚನ್ನ ಮುರೀಬೇಕು, ಇಲ್ಲಾಂದರೆ ಉಂಗುರ ಅಲ್ಲೇ ಕಚ್ಚಿಕೊಂಡು ತುಂಡಾಗತ್ತೆ.

ತೀರ್ಥಹಳ್ಳಿ_ಟೂಲ್‌ಬಾಕ್ಸ್:
ಟ್ಯಾಂಕ್ ವಿಷಯಕ್ಕೆ ಬರ್ತೀನಿ. ಮೊದಲು ಕಾಕ್ (ಪೆಟ್ರೋಲ್ ಬಿಡೋ ನಲ್ಲಿ), ಮುಚ್ಚಳ ತೆಗೆದು ತೂತಿಗೆ ರಬ್ಬರ್ ಬಿರಡೆ ಹಾಕಿ. ಎರಡು ಹಿಡಿ ಸಣ್ಣ ನಟ್ಟು ಎಣಿಸಿ ಒಳಗೆ ಹಾಕಿ ಕುಲುಕಿ, ಎಣಿಸಿಯೇ ಹೊರಗೆ ತೆಗೀರಿ. ಆಮೇಲೆ ಬಿಸಿ ನೀರಿಗೆ ಲೀಟರಿಗೆ 100 ಗ್ರಾಂ ನಿಂಬೆ ಉಪ್ಪು ಬೆರೆಸಿ ಕಂಠಮಟ್ಟ ತುಂಬಿ ಒಂದು ದಿನ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಳ್ಳೇ ತಗಡನ್ನೂ ತಿನ್ನತ್ತೆ. ಚೆಲ್ಲಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಬ್ಲೋವರಲ್ಲಿ ಒಣಗಿಸಿ, ಕೂಡಲೇ 200 ಎಂ.ಎಲ್. ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿ ಪೆಟ್ರೋಲಿಗೆ ಬೆರೆಸೋ ಎಣ್ಣೆ) ಹಾಕಿ ಎಲ್ಲ ಮೂಲೆಗೂ ಹೊರಳಿಸಿ. ಕೂಡಲೇ ಅಂದರೆ ಕೂಡಲೇ. ಆಷಾಢದಲ್ಲಿ ಈ ಕೆಲಸ ಹಿಡಿದರೆ ತೊಳೆದು ಕಾಫಿ ಕುಡಿದು ಬರೋದರೊಳಗೆ ಮತ್ತೆ ಕೆಂಪಾಗಿರತ್ತೆ. ದೀಪಾವಳಿ ಆಗಲಿ, ಬಿಸಿಲು ಬೀಳಲಿ.

ಶರಾವತಿ_ಹಿನ್ನೀರು:
ಅಡಿಕೆ ಚೊಗರು ಹಾಕಿದರೆ ತುಕ್ಕು ಕಪ್ಪಾಗಿ ನಿಲ್ಲತ್ತೆ ಅಂತಾರಲ್ಲ, ನಿಜವಾ? ಕೊಯ್ಲು ಶುರುವಾದರೆ ಬೇಕಾದಷ್ಟು ಸಿಗತ್ತೆ.

ರಸಾಯನ_ಮೇಷ್ಟ್ರು:
ತತ್ವ ನಿಜ. ಚೊಗರಲ್ಲಿ ಟ್ಯಾನಿನ್ ಇದೆ, ಅಂಗಡೀಲಿ ಸಿಗೋ ಎಷ್ಟೋ ರಸ್ಟ್ ಕನ್ವರ್ಟರಲ್ಲೂ ಟ್ಯಾನಿಕ್ ಆಸಿಡ್ಡೇ ಕೆಲಸ ಮಾಡೋದು. ತುಕ್ಕಿನ ಜೊತೆ ಸೇರಿ ಕಪ್ಪು ಪದರ ಆಗತ್ತೆ. ಆದರೆ ಚೊಗರಿನ ಗಟ್ಟಿತನ ಒಂದು ಹಂಡೆಗೆ ಒಂದು ಥರ. ಕೆಲವರು ಸುಣ್ಣ ಸೇರಿಸ್ತಾರೆ, ಆಗ ಸರಿಯಾಗಿ ಹಿಡಿಯಲ್ಲ. ಮೇಲೆ ಅಂಟು ಉಳಿದರೆ ಪೇಂಟ್ ಏಳತ್ತೆ. ಸ್ಟ್ಯಾಂಡು, ಟೂಲ್‌ಬಾಕ್ಸ್ ಒಳಗೆ, ಮಡ್‌ಗಾರ್ಡ್ ತಳಕ್ಕೆ ಹಚ್ಚಿ, ಎರಡು ದಿನ ಬಿಟ್ಟು ತೊಳೆದು, ಒಣಗಿಸಿ ಎಣ್ಣೆ ಬಳೀರಿ. ಟ್ಯಾಂಕ್ ಒಳಗೆ ಬೇಡ.

ಎರಡು_ಸ್ಟ್ರೋಕ್_ಸಾಗರ:
ಕ್ರೋಮ್ ಮೇಲಿನ ತೆಳು ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ. ಸ್ಟೀಲ್ ಉಣ್ಣೆ ಗೀರು ಹಾಕತ್ತೆ.

ಕವಲೇದುರ್ಗ_ಕಾರ್ಬು:
ಇಷ್ಟು ಮಾಡೋ ಬದಲು ಜಾವಾ ಹುಟ್ಟಿದ ಜೆಕ್ ದೇಶದಿಂದ ಬಂದ ಗಾಡೀನೇ ಹುಡುಕಬಹುದಲ್ಲ. 1968 ಅಂದರೆ ಅದೂ ಇಂಪೋರ್ಟೆಡ್ಡೇ ತಾನೇ?

ಗಾಂಧಿಬಜಾರ್_ಗೇರ್:
ಅಲ್ಲ. 1961ರಿಂದಲೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿ ಹೊರಬರ್ತಿತ್ತು. 1973ರಲ್ಲಿ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಇದು ಅಪ್ಪಟ ಮೈಸೂರಿನ ಗಾಡಿ. ಅದಕ್ಕೇ ಉಳಿಸಿಕೊಳ್ಳಬೇಕು ಅನ್ನೋದು.

ಕವಲೇದುರ್ಗ_ಕಾರ್ಬು:
ತಿದ್ದಿದ್ದಕ್ಕೆ ಧನ್ಯವಾದ. ನನ್ನ ವಿಷಯ ಕಾರ್ಬ್ಯುರೇಟರ್, ಅದನ್ನ ಹೇಳ್ತೀನಿ. ಈಗಿನ ಪೆಟ್ರೋಲಲ್ಲಿ 20% ಎಥನಾಲ್. ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಲ್ಲಿ ನಿಂತರೆ ತೇವ ಎಳೆಯತ್ತೆ. ನೀರು ಹೆಚ್ಚಾದಾಗ ಎಥನಾಲು ನೀರಿನ ಜೊತೆ ಕೆಳಗೆ ಇಳಿದು ಬೇರೆ ಪದರ ಆಗತ್ತೆ. ಆ ಪದರದಲ್ಲಿ ಟೂ-ಟಿ ಆಯಿಲ್ ಕರಗಲ್ಲ, ಕಾಕಿಂದ ಮೊದಲು ಇಳಿಯೋದೂ ಅದೇ. ಅಂದರೆ ಇಂಜಿನ್ ಎಣ್ಣೆ ಇಲ್ಲದೇ ತಿರುಗತ್ತೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸೋದಾದರೆ ಟ್ಯಾಂಕೂ ಫ್ಲೋಟ್ ಬೌಲೂ ಖಾಲಿ ಮಾಡಿ.

ಎಣ್ಣೆ ಲೆಕ್ಕ: ಹೊಸ ಬೋರಿಗೆ ಮೊದಲ 500 ಕಿ.ಮೀ. 1:20, ಅಂದರೆ ಲೀಟರಿಗೆ 50 ಎಂ.ಎಲ್. ಆಮೇಲೆ 1:25, ಲೀಟರಿಗೆ 40.

ಮಂಡಗದ್ದೆ_ಹಕ್ಕಿ:
ಇನ್ನೂ ಜಾಸ್ತಿ ಹಾಕಿದರೆ ಇನ್ನೂ ಸುರಕ್ಷಿತ ಅಲ್ದಾ? 70, 80?

ಕವಲೇದುರ್ಗ_ಕಾರ್ಬು:
ಅಲ್ಲ. ಜೆಟ್ಟಿನ ತೂತು ಅಷ್ಟೇ ಇರತ್ತೆ. ಎಣ್ಣೆ ಹೆಚ್ಚಾದಷ್ಟು ಅದರಲ್ಲಿ ಪೆಟ್ರೋಲ್ ಕಡಿಮೆ ಹೋಗತ್ತೆ, ಮಿಶ್ರಣ ತೆಳುವಾಗಿ ಬಿಸಿ ಏರತ್ತೆ. ಜೊತೆಗೆ ಸೈಲೆನ್ಸರ್ ಕಟ್ಟತ್ತೆ.

ತೀರ್ಥಹಳ್ಳಿ_ಟೂಲ್‌ಬಾಕ್ಸ್:
ಉಳಿದ ಅಳತೆ: ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸೋ ಸ್ವಿಚ್) ಗ್ಯಾಪ್ 0.4 ಮಿ.ಮೀ., ಪ್ಲಗ್ 0.6. ಗೇರ್‌ಬಾಕ್ಸಿಗೆ ಒಂದು ಲೀಟರ್. ಕ್ಲಚ್ಚಿಗೂ ಅದೇ ಎಣ್ಣೆ, ಹಾಗಾಗಿ ಕಾರಿಗೆ ಹಾಕೋ ಜಾರೋ ಎಣ್ಣೆ ಹಾಕಿದರೆ ಕ್ಲಚ್ ಸ್ಲಿಪ್ ಆಗತ್ತೆ. ಟೈರು 3.25–16. ಹಳೇ ಟೈರಲ್ಲಿ ಹೂವು ಎಷ್ಟೇ ಇರಲಿ, ಎಸೀರಿ. ವೈರಿಂಗ್ ಇಲಿ ಬಿಟ್ಟಿರಲ್ಲ, ಪೂರ್ತಿ ಹೊಸದು. 6 ವೋಲ್ಟಿಗೆ ಅರ್ತಿಂಗ್ ಜಾಗದಲ್ಲಿ ಪೇಂಟ್ ಕೆರೆದು ಬೆಳ್ಳಗೆ ಮಾಡದಿದ್ದರೆ ದೀಪ ಬುಡ್ಡಿ ಥರ ಉರಿಯತ್ತೆ.

ಹರಿದ್ರಾವತಿ:
ಆರ್.ಸಿ. ವಿಷಯ? ಪುಸ್ತಕದಲ್ಲಿ ಹೆಸರಿರೋ ಮಾಲೀಕರು ತೀರಿಕೊಂಡಿದ್ದಾರೆ.

ಗಾಂಧಿಬಜಾರ್_ಗೇರ್:
ವಾರಸುದಾರರ ಹೆಸರಿಗೆ ಮಾಡೋಕೆ ಫಾರಂ 31. ಅವಧಿ ಮುಗಿದ ಆರ್.ಸಿ. ನವೀಕರಣಕ್ಕೆ ಫಾರಂ 25, ಗಾಡಿ ತೋರಿಸಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಬೈಕಿಗೂ ನೋಂದಣಿ ಇದೆ, ಹೊಸದಕ್ಕೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ಆದರೆ ವಿಂಟೇಜ್ ಮಾಡಿಸಿದರೆ ದಿನನಿತ್ಯ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ತೋಟಕ್ಕೆ, ಪೇಟೆಗೆ ಓಡಿಸೋ ಆಸೆ ಇದ್ದರೆ ಮೊದಲ ದಾರಿ ಹಿಡೀರಿ.

ಮತ್ತೊಂದು. ಪೇಂಟಿಗೆ ಕೊಡೋ ಮುಂಚೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಫೋಟೋನೂ ತೆಗೀರಿ. ಆ ಜಾಗಕ್ಕೆ ಟೇಪ್ ಹಚ್ಚಿ, "ಇಲ್ಲಿ ಗ್ರೈಂಡರ್ ಬೇಡ, ಪುಟ್ಟಿ ಬೇಡ" ಅಂತ ಎದುರು ನಿಂತು ಹೇಳಿ. ನಂಬರ್ ಅಳಿಸಿದರೆ ಉಳಿದ ಕೆಲಸವೆಲ್ಲ ನೀರಲ್ಲಿ ಹೋಮ.

ಶರಾವತಿ_ಹಿನ್ನೀರು:
ಎಲ್ಲ ಸರಿ ಹೋದಮೇಲೆ ಆಗುಂಬೆ ಘಾಟಿ ಇಳಿದು ಬರೋದು ಯಾವಾಗ?

ಎರಡು_ಸ್ಟ್ರೋಕ್_ಸಾಗರ:
ಮೊದಲ 500 ಕಿ.ಮೀ. ಘಾಟಿ ಬೇಡ, ಹತ್ತೋದೂ ಇಳಿಯೋದೂ. ಹತ್ತುವಾಗ ಬಿಸಿ ಅಂತ ಎಲ್ಲರಿಗೂ ಗೊತ್ತು, ಇಳಿಯೋದು ಅದಕ್ಕಿಂತ ಮೋಸ. ಎಕ್ಸಲರೇಟರ್ ಪೂರ್ತಿ ಬಿಟ್ಟು ಸೆಕೆಂಡ್ ಗೇರಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿದರೆ ಪೆಟ್ರೋಲ್ ಬರಲ್ಲ, ಅದರ ಜೊತೆ ಬರೋ ಎಣ್ಣೆಯೂ ಬರಲ್ಲ. ಇಂಜಿನ್ ಮಾತ್ರ ಜೋರಾಗಿ ತಿರುಗ್ತಾ ಇರತ್ತೆ. ಆಗುಂಬೆ, ಹುಲಿಕಲ್ ಎಲ್ಲೇ ಇರಲಿ, ಪ್ರತಿ ತಿರುವಿನ ಮುಂಚೆ ಕ್ಲಚ್ ಹಿಡಿದು ಒಂದು ಸಲ ಎಕ್ಸಲರೇಟರ್ ಕೊಟ್ಟು ಬಿಡಿ. ಅದಕ್ಕೂ ಮೊದಲು ಬ್ರೇಕ್ ಶೂ ಹೊಸದಾಗಿರಬೇಕು, ನಿಮ್ಮ ಹಿಂದಿನ ಚಕ್ರ ಇನ್ನೂ ಡ್ರಮ್ಮಿಗೆ ಅಂಟಿಕೊಂಡೇ ಇದೆ.

ಹರಿದ್ರಾವತಿ:
ಇವತ್ತು ಡೀಸೆಲ್-ಎ.ಟಿ.ಎಫ್. 120 ಎಂ.ಎಲ್. ಹಾಕಿದ್ದಾಯ್ತು. ಬಿದಿರು ಕಡ್ಡಿ ಲೆಕ್ಕದಲ್ಲಿ ಪಿಸ್ಟನ್ ಮೇಲಿಂದ 20 ಮಿ.ಮೀ. ಕೆಳಗಿದೆ, ಸೈಲೆನ್ಸರಿಂದ ಏನೂ ಸೋರ್ತಿಲ್ಲ. ಮೈಲುತುತ್ತದ ಚೀಲ ಬೇರೆ ಕಡೆ ಸಾಗಿಸಿದ್ದಾಯ್ತು, ಗಾಡೀನ ಕೊಟ್ಟಿಗೆಯಿಂದ ಜಗಲಿ ಪಕ್ಕಕ್ಕೆ ತಂದಿದ್ದಾಯ್ತು.

ಲೇತ್‌ಮನೆ:
20 ಮಿ.ಮೀ. ಅಂದರೆ ಪೋರ್ಟ್ ಮುಚ್ಚಿದೆ, ಒಳ್ಳೇ ಜಾಗ. ಪ್ಲಗ್ ತೂತಿಗೆ ಬಟ್ಟೆ ಬಿರಡೆ ಹಾಕಿ, ಇಲ್ಲಾಂದರೆ ಕಣಜ ಗೂಡು ಕಟ್ಟತ್ತೆ. ಮುಂದಿನ ಭಾನುವಾರದವರೆಗೆ ಸ್ಪ್ಯಾನರ್ ಮುಟ್ಟಬೇಡಿ.